ಹಿಂದಿನ ಸೀಟಿನ ಶಾಲು

ಡಿಪೋದವರೆಲ್ಲ ಅವನನ್ನು ಬ್ರೇಕಣ್ಣ ಎಂದೇ ಕರೆಯುತ್ತಿದ್ದರು. ಆಯುಷ್ಯವೆಲ್ಲ ಬಸ್ಸು ಓಡಿಸಿದ ಮನುಷ್ಯ. ನೌಕರಿಯಿಂದ ನಿವೃತ್ತಿ ಸಿಕ್ಕಿತು, ಕಾಲಿಗೆ ಸಿಗಲಿಲ್ಲ. ಯಾರ ಗಾಡಿಯಲ್ಲಿ ಕೂತರೂ, ಅಷ್ಟೇಕೆ, ಮನೆಯಲ್ಲಿ ಟೀವಿ ನೋಡುವಾಗಲೂ ಎದುರಿಗೆ ಏನಾದರೂ ಅಡ್ಡ ಬಂದರೆ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಊರವರನ್ನೆಲ್ಲ ಊರೂರು ಸುತ್ತಿಸಿದ ಈ ಪುಣ್ಯಾತ್ಮ ಕಟ್ಟಿಕೊಂಡವಳನ್ನು ಮಾತ್ರ ಎಲ್ಲಿಗೂ ಕರೆದೊಯ್ದವನಲ್ಲ. ರಜೆಯ ದಿನ ಬಸ್ಸೆಂದರೆ ಅವನಿಗೆ ಮೈ ಉರಿಯುತ್ತಿತ್ತು. ಕೊನೆಗೆ ಮಗಳೇ ಹಠ ಹಿಡಿದು ಇಬ್ಬರನ್ನೂ ಪರದೇಶದ ಪ್ರವಾಸಕ್ಕೆ ಹೊರಡಿಸಿದಳು. ಹೊರಡುವಾಗ ಹೆಂಡತಿ ಕೇಳಿದ್ದು ಒಂದೇ ಒಂದು.

"ರೀ, ಅಲ್ಲಾದ್ರೂ ನನ್ ಪಕ್ಕ ಕೂತ್ಕೊಳ್ತೀರಾ?"

"ಇನ್ನೆಲ್ಲಿ ಕೂತ್ಕೊಳ್ಲಿ, ಟಾಪ್ ಮೇಲಾ?" ಎಂದು ನಕ್ಕಿದ್ದ.

ವಿಮಾನ ಇಳಿದು ನೋಡಿದರೆ ಅಲ್ಲಿನ ಸುತ್ತಾಟವೆಲ್ಲ ಬಸ್ಸಿನಲ್ಲೇ! ಹೆಂಡತಿ ಹಿಂದುಗಡೆ ಕಿಟಕಿ ಹಿಡಿದು, ಪಕ್ಕದ ಸೀಟಿಗೆ ತನ್ನ ಶಾಲು ಹಾಸಿದಳು. ಮೊದಲ ತಿರುವಿಗೇ ಇವನ ಕಾಲು ನೆಲ ತುಳಿಯಿತು. ಹಿಂದೆ ಕೂತರೆ ರಸ್ತೆ ಕಾಣದು, ರಸ್ತೆ ಕಾಣದಿದ್ದರೆ ಜೀವ ನಿಲ್ಲದು. ಐದು ನಿಮಿಷದಲ್ಲಿ ಬಂದೆ ಎಂದು ಎದ್ದು ಹೋದವನು ಡ್ರೈವರ್ ಪಕ್ಕದ ಒಂಟಿ ಸೀಟಿಗೆ ಅಂಟಿಕೊಂಡ. ಅವನ ಭಾಷೆ ಇವನಿಗೆ ಬಾರದು, ಇವನದು ಅವನಿಗೆ ಬಾರದು. ಆದರೂ ಗೇರು, ಕ್ಲಚ್ಚು, ಕೈಸನ್ನೆಗಳಲ್ಲೇ ಇಬ್ಬರೂ ಹಾಲು ಜೇನಾದರು.

ಸಂಜೆ ಹೋಟೆಲಿನ ಕೋಣೆಯಲ್ಲಿ ಅವಳು ಎಡಗಡೆ ಕಂಡ ಕೆರೆಯ ಸುದ್ದಿ ತೆಗೆದರೆ, ಇವನು ಇಳಿಜಾರಿನಲ್ಲಿ ಆ ಡ್ರೈವರ್ ಗಾಡಿ ಹಿಡಿದ ಚಂದ ವರ್ಣಿಸುತ್ತಿದ್ದ. ನಾಳೆಯಾದರೂ ಪಕ್ಕ ಬನ್ನಿ ಎಂದರೆ, ನಾಳೆ ಖಂಡಿತ ಎನ್ನುತ್ತಿದ್ದ. ನಾಳೆ ಎಂದವನ ಮನೆ ಹಾಳು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮರುದಿನ ಬೆಳಿಗ್ಗೆ ಶಾಲು ಮತ್ತೆ ಸೀಟಿನ ಮೇಲೆ, ಇವನು ಮತ್ತೆ ಮುಂದೆ.

ಒಂದು ಮಧ್ಯಾಹ್ನ ಬೆಟ್ಟ ಇಳಿದು ಬಸ್ಸು ನಿಂತಿತು. ಅಂಥ ಇಳಿಜಾರನ್ನು ಗೆದ್ದದ್ದಕ್ಕೆ ಬ್ರೇಕಣ್ಣ ಡ್ರೈವರನ ಬೆನ್ನು ತಟ್ಟುತ್ತಿದ್ದ. ಎಲ್ಲರೂ ಇಳಿದರು, ಹೆಂಡತಿಯೊಬ್ಬಳು ಇಳಿಯಲಿಲ್ಲ. ಪ್ರವಾಸದ ಗುಂಪಿನಲ್ಲಿ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಒಬ್ಬಳು ನರ್ಸಮ್ಮ ಇದ್ದಳು, ಹೆಂಡತಿಯ ಸೀಟಿನ ಆಚೆ ಬದಿಗೆ ಕೂರುವವಳು. ಅವಳೇ ನಾಡಿ ಹಿಡಿದು ನೋಡಿದವಳು. ಮುಂದೆ ಬಂದು ಬ್ರೇಕಣ್ಣನ ಎರಡೂ ಕೈ ಹಿಡಿದುಕೊಂಡಳು. ಕಿಟಕಿಗೆ ತಲೆ ಆನಿಸಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು ಮಹಾತಾಯಿ. ಪಕ್ಕದ ಸೀಟಿನ ಮೇಲೆ ಶಾಲು ಹಾಗೇ ಇತ್ತು.

ಪರದೇಶದ ವಿಧಿವಿಧಾನಗಳೆಲ್ಲ ಮುಗಿದ ಮೇಲೆ, ಅದೇ ಬಸ್ಸು ಅವರನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದಿತು. ಡ್ರೈವರ್ ಒಂಟಿ ಸೀಟನ್ನು ಒರೆಸಿ ಕಾದಿದ್ದ. ಬ್ರೇಕಣ್ಣ ಅದರತ್ತ ನೋಡದೆ ಹಿಂದೆ ನಡೆದು, ಯಾರೂ ಮುಟ್ಟದೆ ಹಾಗೇ ಬಿಟ್ಟಿದ್ದ ಶಾಲು ಎತ್ತಿ ಮಡಿಲಿಗಿಟ್ಟುಕೊಂಡು ಆ ಸೀಟಿನಲ್ಲೇ ಕೂತ. ಕಿಟಕಿಯ ಪಕ್ಕದ್ದು ಖಾಲಿ ಉಳಿಯಿತು. ಅವನಿಗೆ ಈಗ ಒಂದೇ ಹಂಬಲ: ಅವಳು ಕಂಡದ್ದನ್ನು ತಾನೂ ಕಾಣಬೇಕು.

"ನರ್ಸಮ್ಮ, ದಾರಿಯುದ್ದ ಏನೇನು ನೋಡಿದ್ಲು ಅವಳು? ನಾನು ರಸ್ತೆ ಒಂದು ಬಿಟ್ಟು ಏನೂ ನೋಡ್ಲಿಲ್ಲ."

ನರ್ಸಮ್ಮ ಆಚೆ ಬದಿಯ ಸೀಟಿನಿಂದ ಇವನತ್ತ ಬಾಗಿದಳು.

"ಹೊರಗಡೆ ನೋಡಿದ್ದು ಕಮ್ಮಿ ಅಣ್ಣ. ಡ್ರೈವರ್ ತಲೆ ಮೇಲಿನ ಕನ್ನಡೀಲಿ ನಿಮ್ ಮುಖ ಕಾಣ್ತಿತ್ತು. ಅದನ್ನೇ ನೋಡ್ತಾ ಕೂತಿರೋರು. ಎಷ್ಟು ಖುಷಿಯಾಗಿದ್ದಾರೆ ನೋಡಿ, ಕರೆಯೋಕೆ ಮನಸ್ಸು ಬರಲ್ಲ ಅಂತಿದ್ರು."

ಬ್ರೇಕಣ್ಣ ಶಾಲಿನಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ. ಅಂಥ ಕನ್ನಡಿಯನ್ನು ನೋಡಿಕೊಂಡೇ ಜನ್ಮ ಸವೆಸಿದವನು! ಹತ್ತಿದವರನ್ನೂ ಇಳಿದವರನ್ನೂ ಅದರಲ್ಲೇ ಕಾಯ್ದವನು. ಇಲ್ಲಿ ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು, ಅವಳು ಕಾಣುತ್ತಿದ್ದಳು.

ಈಗ ಎತ್ತಿದ. ಕನ್ನಡಿಯಲ್ಲಿ ಮುಂದಿನ ಒಂಟಿ ಸೀಟು ಕಾಣಿಸಿತು. ಅದರಲ್ಲಿ ಯಾರೂ ಇರಲಿಲ್ಲ.