ಮುಂದಿನ ನಾಲ್ಕು ಹಲ್ಲು

ಎರಡು ವರ್ಷದ ಹಿಂದೆ, ದಸರೆಯ ಮರುದಿನ ಮಧ್ಯಾಹ್ನ, ಯಲಬುರ್ಗಾ ಬಸ್ ನಿಲ್ದಾಣದಲ್ಲಿ ನನ್ನ ಸೋದರಮಾವನ ತಲೆಗೆ ಹಿಂದಿನಿಂದ ಕಬ್ಬಿಣದ ರಾಡಿನ ಮೂರು ಏಟು ಬಿದ್ದವು. ಕೊಪ್ಪಳದ ಆಸ್ಪತ್ರೆ ತಲುಪುವ ಮೊದಲೇ ಮಾವ ತೀರಿಕೊಂಡ. ಅವನ ಬಾಯಿಯಲ್ಲಿ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಹೊಡೆದಾಟದಲ್ಲಿ ಉದುರಿದವು ಎಂದು ಒಂದು ಪತ್ರಿಕೆ ಬರೆಯಿತು. ಅದು ತಪ್ಪು. ಆ ಹಲ್ಲುಗಳು ಹೋಗಿ ಆಗಲೇ ಹದಿನೈದು ವರ್ಷವಾಗಿತ್ತು. ಹೋದದ್ದು ಲಡಾಖಿನಲ್ಲಿ, ಮಂಜುಗಡ್ಡೆಯ ಮೇಲೆ.

ಮಾವ ಅಳವಂಡಿಯವನು. ಊರಿನಲ್ಲಿದ್ದಾಗ ಅವನು ಕಂಡಿದ್ದ ಮಂಜುಗಡ್ಡೆ ಐಸ್‌ಕ್ಯಾಂಡಿ ಮಾರುವವನ ಡಬ್ಬಿಯೊಳಗಿನದು ಮಾತ್ರ. ಗಡಿ ಕಾಯುವ ಪಡೆಗೆ ಭರ್ತಿಯಾದಾಗ ಲೇಹ್‌ಗೆ ಹಾಕಿದರು. ಅಲ್ಲಿ ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಐಸ್‌ಹಾಕಿ ಎಂಬ ಆಟ ಆಡುತ್ತಾರೆ. ಬೂಟಿನ ತಳಕ್ಕೆ ಉಕ್ಕಿನ ಅಲಗು, ಕೈಯಲ್ಲಿ ತುದಿ ಬಾಗಿದ ಕೋಲು, ಚೆಂಡಿನ ಬದಲು ರಬ್ಬರಿನ ಗಟ್ಟಿ ಬಿಲ್ಲೆ. ಮೊದಲ ಚಳಿಗಾಲವೆಲ್ಲ ಮಾವ ಒಂದು ಕುರ್ಚಿ ತಳ್ಳುತ್ತ ಬೀಳದೆ ನಿಲ್ಲುವುದನ್ನು ಕಲಿತ. ಮೂರನೆಯದಕ್ಕೆ ಪಡೆಯ ತಂಡದಲ್ಲಿದ್ದ. ಮುಂದೆ ಹನ್ನೆರಡು ಚಳಿಗಾಲ ಆ ಆಟವೇ ಅವನ ನೌಕರಿ.

ಆಟ ಎನ್ನುವುದೂ ಪೂರ್ತಿ ಸರಿಯಲ್ಲ. ತಂಡದಲ್ಲಿ ಗೋಲು ಹೊಡೆಯುವವನು ಒಬ್ಬ ಗಿಡ್ಡ ಲಡಾಖಿ. ಎದುರಿನವರು ಅವನನ್ನೇ ಹುಡುಕಿ ಗುದ್ದುತ್ತಿದ್ದರು. ಅವನಿಗೆ ಗುದ್ದಿದವರನ್ನು ಗುದ್ದುವುದು ಮಾವನ ಕೆಲಸ.

“ನಮ್ಮ ಸಣ್ಣಾಂವ ಗೋಲ್ ಹೊಡಿಯಾಂವ. ನಾ ಮಂದಿ ಹೊಡಿಯಾಂವ,” ಎನ್ನುತ್ತಿದ್ದ.

ಅವನ ಮೂಗು ಮೂರು ಸಲ ಮುರಿದಿತ್ತು. ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಎದುರಾಳಿಯೊಬ್ಬನನ್ನು ಅಂಗಳದ ಸುತ್ತಲಿನ ಹಲಗೆಗೆ ಒತ್ತಿ ಪಕ್ಕೆಲುಬು ಮುರಿದದ್ದನ್ನು ಹೇಳುವಾಗಲೂ ದನಿ ಏರುತ್ತಿರಲಿಲ್ಲ. “ಲಟಕ್ ಅಂತು. ನಂದಲ್ಲ, ಅವಂದು.” ಹಲ್ಲು ಹೋದ ದಿನ, ಸಣ್ಣವನ ಬಾಯಿಗೆ ಬೀಸಿ ಬಂದ ಕೋಲಿಗೆ ಮಾವ ತನ್ನ ಮುಖ ಒಡ್ಡಿದ್ದ. ರಕ್ತ ಬಿದ್ದಲ್ಲೇ ಹೆಪ್ಪುಗಟ್ಟಿತಂತೆ. ಹುಡುಕಿದಾಗ ಎರಡು ಹಲ್ಲು ಸಿಕ್ಕವು.

“ಉಳಿದೆರಡು ಏನಾದವು ಮಾವಾ?”

“ಕೆರಿ ಕರಗಿದ ಮ್ಯಾಲ ಮೀನಿಗೆ ಸಿಕ್ಕಿರಬೇಕು. ಅದಕ್ಕರ ಹಲ್ಲ ಬಂದಿರ್ತಾವ.”

ನಿವೃತ್ತನಾಗಿ ಊರಿಗೆ ಬಂದ ಮೇಲೆ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನಬೇಕಾಗುತ್ತಿತ್ತು. “ಹಲ್ಲ ಕಟ್ಟಿಸ್ಕೋರಿ ಅಂದ್ರ ಕೇಳವಲ್ರು. ಕೂಸಿಗೆ ಉಣಿಸಿದಂಗ ಆಗೇತಿ ನನಗ,” ಎಂದು ಅತ್ತೆ ಬೈಯುತ್ತಿದ್ದಳು. “ನೀ ಉಣಸಾಕಿ ಅದಿ ಅಂತನ ಕಟ್ಟಿಸಿಲ್ಲ ಬಿಡ,” ಎನ್ನುತ್ತಿದ್ದ ಮಾವ.

ಹೊಡೆದಾಟಕ್ಕೆ ಅವನದೊಂದು ಕಟ್ಟಳೆ ಇತ್ತು, ಆ ಆಟದ್ದೇ. ಮೊದಲು ಕೈಗವಸು ಕಳಚಿ ಕೆಳಗೆ ಎಸೆಯಬೇಕು, ಕೈ ಖಾಲಿ ಎಂದು ತೋರಿಸಲು. ಎದುರಿನವನು ಬಿದ್ದರೆ ಅಲ್ಲಿಗೆ ಮುಗಿಯಿತು, ಬಿದ್ದವನನ್ನು ಮುಟ್ಟುವಂತಿಲ್ಲ. ಹೊಡೆದವನು ತಾನೇ ಹೋಗಿ ಅಂಗಳದ ಹೊರಗಿನ ಬೆಂಚಿನ ಮೇಲೆ ಎರಡು ನಿಮಿಷ ಶಿಕ್ಷೆಗೆ ಕೂಡಬೇಕು.

“ಆ ಬೆಂಚಿನ ಮ್ಯಾಲ ಕುಂತಾಂವನ್ನ ಯಾರೂ ಮುಟ್ಟಂಗಿಲ್ಲ ಅಳಿಯಾ. ಅವ್ವನ ಉಡ್ಯಾಗ ಕುಂತಂಗ.”

ಯಲಬುರ್ಗಾದಲ್ಲಿ ನಡೆದದ್ದು ಇಷ್ಟು. ಹಳ್ಳದ ಅಕ್ರಮ ಮರಳು ಸಾಗಣೆಯ ಬಗ್ಗೆ ನಾನು ಬರೆದ ವರದಿಯಿಂದ ಒಬ್ಬನ ಟ್ರ್ಯಾಕ್ಟರ್ ಜಪ್ತಿಯಾಗಿತ್ತು. ಆ ದಿನ ನಾನೂ ಮಾವನೂ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದಾಗ ಅವನು ಬಂದು ನನ್ನ ಕೊರಳಪಟ್ಟಿ ಹಿಡಿದ.

“ಏನಲೇ ಪೇಪರಿನಾಂವ, ನನ್ನ ಅನ್ನಕ್ಕ ಮಣ್ಣ ಹಾಕ್ತಿಯೇನ?”

ಕಪಾಳಕ್ಕೆ ಬಿತ್ತು. ನನ್ನ ಕನ್ನಡಕ ಹಾರಿತು. ಮಾವ ನಮ್ಮಿಬ್ಬರ ನಡುವೆ ಬಂದು ನಿಂತ.

“ತಮ್ಮಾ, ನಮ್ಮ ಸಣ್ಣಾಂವನ್ನ ಬಿಡ.”

“ನೀ ಯಾವಾಂವಲೇ, ಬೊಚ್ಚಬಾಯಿ ಮುದಕ?”

ಮಾವ ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಹಾಕಿದ. ಎರಡೂ ಅಂಗೈ ತೋರಿಸಿದ. ಆಮೇಲೆ ಒಂದೇ ಗುದ್ದು, ದವಡೆಗೆ. ಟ್ರ್ಯಾಕ್ಟರಿನವನು ಬಿದ್ದ, ತುಟಿ ಒಡೆದು ಅಂಗಿಯೆಲ್ಲ ರಕ್ತವಾಯಿತು. ಮಾವ ಮತ್ತೆ ಮುಟ್ಟಲಿಲ್ಲ. ಅವನಿಗೆ ಬೆನ್ನು ಮಾಡಿ ನಡೆದು, ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಮೊಣಕಾಲಿಗೆ ಕೈಯಿಟ್ಟು ಕುಳಿತ. ನಾನು ಬಗ್ಗಿ ಕನ್ನಡಕ ಹುಡುಕಿದೆ. ತಲೆ ಎತ್ತುವಷ್ಟರಲ್ಲಿ ಬಿದ್ದವನು ಎದ್ದು, ತನ್ನ ಜೀಪಿನಿಂದ ರಾಡ್ ತಂದು, ಬೆಂಚಿನ ಹಿಂದೆ ನಿಂತಿದ್ದ. ಕೂಗಿದೆ. ಮಾವ ತಿರುಗಿ ನೋಡಲಿಲ್ಲ. ಮೂರು ಏಟು. ಮೂರನೆಯದು ಬೀಳುವಾಗ ಮಾವ ನೆಲದ ಮೇಲಿದ್ದ.

ಆಂಬುಲೆನ್ಸಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆ ಟವೆಲನ್ನೇ ಗಾಯಕ್ಕೆ ಒತ್ತಿ ಹಿಡಿದಿದ್ದೆ. ಕುಕನೂರು ದಾಟುವಾಗ ಕಣ್ಣು ತೆರೆದ.

“ಎರಡ ಮಿನಿಟ ಆಗಿಲ್ಲೇನ ಇನ್ನ?”

“ಆತು ಮಾವಾ,” ಎಂದೆ.

ತಾನು ಬಿದ್ದ ಮೇಲೂ ಮಾವ ಹೊಡೆಯುತ್ತಿದ್ದ, ಜೀವ ಉಳಿಸಿಕೊಳ್ಳಲು ರಾಡ್ ಎತ್ತಬೇಕಾಯಿತು ಎಂಬುದು ಆರೋಪಿಯ ವಾದ. ನನ್ನ ಸಾಕ್ಷಿ ಮುಗಿದಿದೆ. ಮಾವ ಬೆನ್ನು ಮಾಡಿ ಹೋಗಿ ಕುಳಿತದ್ದನ್ನು ಹೇಳಿದೆ. ಆಮೇಲೆ ಕನ್ನಡಕ ಹುಡುಕುತ್ತ ನಾನು ನೋಡದೆ ಹೋದ ಹೊತ್ತು ಎಷ್ಟು ಎಂದು ಅವನ ವಕೀಲರು ಕೇಳಿದರು. ಗೊತ್ತಿಲ್ಲ ಎಂದೆ. ತೀರ್ಪು ಇನ್ನೂ ಬಂದಿಲ್ಲ.

ಹೋದ ತಿಂಗಳು ಆ ಲಡಾಖಿ ಆಟಗಾರ ನಾಲ್ಕು ದಿನದ ದಾರಿ ಸವೆಸಿ ಕೊಪ್ಪಳಕ್ಕೆ ಬಂದ. ಮಾವ ಬಿದ್ದವನ ಮೇಲೆ ಎಂದೂ ಕೈ ಮಾಡಿದವನಲ್ಲ ಎಂದು ಕೋರ್ಟಿನಲ್ಲಿ ಹೇಳಬೇಕು ಎಂದ. ಸ್ಥಳದಲ್ಲಿ ಇಲ್ಲದವರ ಮಾತು ಈ ಪ್ರಕರಣಕ್ಕೆ ಬರುವುದಿಲ್ಲ ಎಂದು ಸರ್ಕಾರಿ ವಕೀಲರು ತಿಳಿಸಿದರು. ಅವನನ್ನು ಅಳವಂಡಿಗೆ ಕರೆದುಕೊಂಡು ಹೋದೆ. ಅತ್ತೆ ಖಡಕ್ ರೊಟ್ಟಿ, ಹೆಸರುಕಾಳು ಪಲ್ಯ ಬಡಿಸಿದಳು. “ನೆನಸ್ಕೊಂಡ ತಿನ್ನಪಾ, ಬಿರುಸ ಅದಾವ,” ಎಂದಳು. ಅವನಿಗೆ ಅರ್ಥವಾಗಲಿಲ್ಲ. ರೊಟ್ಟಿಯನ್ನು ಹಾಗೆಯೇ ಕಚ್ಚಿ ಮುರಿದು ಅಗಿದ.

“ಭಾಳ ಛಲೋ ಐತಿ,” ಎಂದ, ಮಾವನದೇ ರಾಗದಲ್ಲಿ.

ಅವನ ಮುಂದಿನ ಹಲ್ಲುಗಳೆಲ್ಲ ಇವೆ.