ಬಿರುಕಿನೊಳಗಿನ ಕಪ್ಪು ಬಣ್ಣ

2023ರ ಮೇ ತಿಂಗಳು. ಕೋಲಾರದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ದುಡಿದು ಫೋರ್‌ಮನ್ ಆಗಿ ಹೊರಬಿದ್ದ ನಾನು, ಶ್ರೀನಿವಾಸಪುರದಾಚೆ ಮುಳಬಾಗಿಲು ರಸ್ತೆಯಲ್ಲಿ ಸ್ವಂತ ಗ್ಯಾರೇಜು ಹಾಕಿಕೊಂಡು ಹನ್ನೆರಡು ವರ್ಷವಾಗಿತ್ತು. ಸ್ಟೀರಿಂಗ್ ಕೆಲಸದಲ್ಲಿ ನನ್ನನ್ನು ಮೀರಿಸುವವರು ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಇಲ್ಲವೆಂದು ಜನ ಹೇಳುತ್ತಿದ್ದರು. ಜನ ಹೇಳುವುದಕ್ಕೆ ಮೊದಲು ನಾನೇ ಹೇಳಿಕೊಳ್ಳುತ್ತಿದ್ದೆ ಎನ್ನುವುದೂ ನಿಜ. ಆ ಜಂಬವೆಲ್ಲ ಒಂದೇ ಮಧ್ಯಾಹ್ನ ಹೇಗೆ ಇಳಿದುಹೋಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ಗೌನಿಪಲ್ಲಿ ಕಡೆಯ ಮುನಿವೆಂಕಟಪ್ಪ ನನ್ನ ಹಳೆಯ ಗಿರಾಕಿ. ಅವನದು 2008ರ ಮಾಡೆಲ್ ಪಿಕಪ್. ಮಾವಿನ ಕಾಲದಲ್ಲಿ ಮಂಡಿಗೆ ಕಾಯಿ, ಉಳಿದ ದಿನಗಳಲ್ಲಿ ಟೊಮೇಟೊ, ಕೋಳಿಗೊಬ್ಬರ, ಏನು ಸಿಕ್ಕಿದರೂ ಹೊರುತ್ತಿತ್ತು. ಆದರೆ ಆ ಗಾಡಿಯ ಮುಖ್ಯ ಕೆಲಸ ಬೆಳಗಿನದು. ಅವನ ಹೆಂಡತಿ ಅಶ್ವತ್ಥಮ್ಮ ಕೂಲಿ ಹೆಂಗಸರ ಗುಂಪಿನ ಮುಂದಾಳು. ಯಾರ ತೋಟದಲ್ಲಿ ಟೊಮೇಟೊ ಬಿಡಿಸುವುದಿದ್ದರೂ ಆಕೆಗೆ ಫೋನ್ ಬರುತ್ತಿತ್ತು. ಆಕೆ ಹದಿಮೂರು ಜನ ಹೆಂಗಸರನ್ನು ಸೇರಿಸಿ ಆ ಪಿಕಪ್ಪಿನ ಹಿಂದೆ ಹತ್ತಿಸಿಕೊಂಡು ಹೋಗುತ್ತಿದ್ದಳು. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ತಪ್ಪು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆ ಹೊತ್ತಿಗೆ ಆ ಹಳ್ಳಿಗಳಿಗೆ ಬಸ್ಸಿಲ್ಲ ಎಂಬುದೂ ಎಲ್ಲರಿಗೂ ಗೊತ್ತು.

ಸ್ಟೀರಿಂಗ್ ಸಡಿಲವಾಗಿದೆ ಎಂದು ಅವನು ಮೊದಲು ಬಂದದ್ದು ಆ ವರ್ಷದ ಫೆಬ್ರವರಿಯಲ್ಲಿ. ಸ್ಟೀರಿಂಗ್ ಚಕ್ರವನ್ನು ತಿರುಗಿಸಿದರೂ ಗಾಡಿಯ ಚಕ್ರ ಅಲುಗದೆ ಸುಮ್ಮನೆ ಹೋಗುವ ದೂರಕ್ಕೆ ನಮ್ಮ ಭಾಷೆಯಲ್ಲಿ ‘ಪ್ಲೇ’ ಎನ್ನುತ್ತೇವೆ. ಹಳೆಯ ಗಾಡಿಗಳಲ್ಲಿ ಎರಡು, ಎರಡೂವರೆ ಸೆಂಟಿಮೀಟರ್ ಪ್ಲೇ ಇರುವುದು ಸಹಜ. ಅವನದರಲ್ಲಿ ಆರಿತ್ತು. ಇಂಥ ಗಾಡಿಗಳಲ್ಲಿ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಸ್ಸಿಗೆ, ನಾಲ್ಕು ಬೋಲ್ಟುಗಳಿಂದ ಬಿಗಿದ ಒಂದು ಸ್ಟೀರಿಂಗ್ ಬಾಕ್ಸ್ ಇರುತ್ತದೆ. ಅದರ ತಲೆಯ ಮೇಲೊಂದು ಅಡ್ಜಸ್ಟಿಂಗ್ ಸ್ಕ್ರೂ. ಒಳಗಿನ ಹಲ್ಲುಗಳು ಸವೆದಾಗ ಅದನ್ನು ಒಂಚೂರು ಬಿಗಿದರೆ ಪ್ಲೇ ಕಡಿಮೆಯಾಗುತ್ತದೆ. ಮಂಡಿಗೆ ಹೊತ್ತಾಯಿತು ಎಂದು ಅವನು ತುದಿಗಾಲಲ್ಲಿ ನಿಂತಿದ್ದ. ನಾನು ಬಾನೆಟ್ ಎತ್ತಿ, ಆ ಸ್ಕ್ರೂವನ್ನು ಕಾಲು ಸುತ್ತು ಬಿಗಿದು ಕಳಿಸಿದೆ. ಹತ್ತು ನಿಮಿಷದ ಕೆಲಸ. ಗಾಡಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ.

ಏಪ್ರಿಲ್‌ನಲ್ಲಿ ಮತ್ತೆ ಬಂದ. ಮತ್ತೆ ಕಾಲು ಸುತ್ತು ಬಿಗಿದೆ. ಈ ಸಲ ಸ್ಟೀರಿಂಗ್ ಸ್ವಲ್ಪ ಗಡುಸಾಯಿತು, ತಿರುವಿನ ನಂತರ ತಾನಾಗಿ ನೆಟ್ಟಗಾಗಲು ತಡಮಾಡುತ್ತಿತ್ತು. ಬಾಕ್ಸಿನ ದೋಷವಲ್ಲ, ಬೇರೆಲ್ಲೋ ಹುಡುಕು ಎಂದು ಗಾಡಿಯೇ ಬಾಯಿಬಿಟ್ಟು ಹೇಳಿದಂತೆ ಅದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಸಲ ಬಂದಾಗ ಪಿಟ್ಟಿನ ಮೇಲೆ, ಅಂದರೆ ಗಾಡಿಯ ಅಡಿ ನೋಡಲು ತೋಡಿದ ಗುಂಡಿಯ ಮೇಲೆ, ನಿಲ್ಲಿಸೋಣ ಅಂದೆ. ಮುನಿವೆಂಕಟಪ್ಪನಿಗೂ ಅದೇ ಬೇಕಿತ್ತು. “ಏಮೀ ಕಾದು ಬಿಡಿ ಮೇಸ್ತ್ರಿ” ಅಂದ. ಏನೂ ಆಗುವುದಿಲ್ಲ ಎನ್ನುವ ಈ ತೆಲುಗು ಮಾತು ಅವನ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು.

ಮೂರನೆಯ ಸಲ ಮೇ ತಿಂಗಳಲ್ಲಿ ಬಂದಾಗ ಜೊತೆಗೆ ಅಶ್ವತ್ಥಮ್ಮನೂ ಬಂದಿದ್ದಳು. ಆ ಬೆಳಿಗ್ಗೆ ಹೆಂಗಸರನ್ನು ಇಳಿಸಿ ಬರುವಾಗ ಊರಿನ ಕೆರೆ ಏರಿಯ ಮೇಲೆ ಗಾಡಿ ತಾನಾಗಿ ನೀರಿನ ಕಡೆ ಎಳೆದಿತ್ತಂತೆ. ಇವನು ಸ್ಟೀರಿಂಗನ್ನು ಅರ್ಧ ಸುತ್ತು ತಿರುಗಿಸಿದ ಮೇಲೆ ಗಾಡಿ ಮಾತು ಕೇಳಿತಂತೆ. ಅವನು ಇದನ್ನೆಲ್ಲ ನಗುನಗುತ್ತ ಹೇಳಿದ. ಆಕೆ ನಗಲಿಲ್ಲ. ಇವತ್ತು ಸರಿಯಾಗಿ ನೋಡಿಸಿಕೊಂಡೇ ಹೋಗಬೇಕೆಂದು ಗಾಡಿಯಿಂದ ಇಳಿದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಮಾರನೆಯ ದಿನ ದೇವರಾಯಸಮುದ್ರದ ಕಡೆಯ ತೋಟವೊಂದರಲ್ಲಿ ಟೊಮೇಟೊ ಕೊಯ್ಲು ಒಪ್ಪಿಕೊಂಡಿದ್ದಳು. ಹದಿಮೂರು ಜನವೂ ಅದೇ ಗಾಡಿಯಲ್ಲಿ ಹೋಗಬೇಕಿತ್ತು.

ಗಾಡಿಯನ್ನು ಪಿಟ್ಟಿನ ಮೇಲೆ ನಿಲ್ಲಿಸಿದೆವು. ಪ್ಲೇ ಅಳೆದರೆ ಹನ್ನೊಂದು ಸೆಂಟಿಮೀಟರ್. ಇದನ್ನು ಪತ್ತೆ ಮಾಡುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಚಕ್ರಗಳು ನೆಲದ ಮೇಲೇ ಇರಬೇಕು, ಜ್ಯಾಕ್ ಎತ್ತಿದರೆ ಭಾರ ತಪ್ಪಿ ದೋಷ ಅಡಗಿಕೊಳ್ಳುತ್ತದೆ. ಒಬ್ಬರು ಮೇಲೆ ಕೂತು ಸ್ಟೀರಿಂಗನ್ನು ಅತ್ತ ಇತ್ತ ಆಡಿಸಬೇಕು, ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲನ್ನು ನೋಡಬೇಕು. ಎಲ್ಲಿ ಒಂದು ಭಾಗ ಅಲುಗಿ ಅದರ ಪಕ್ಕದ್ದು ಸುಮ್ಮನಿರುತ್ತದೋ ಅಲ್ಲೇ ರೋಗ. ಮುನಿವೆಂಕಟಪ್ಪ ತಾನೂ ನೋಡುತ್ತೇನೆಂದು ನನ್ನ ಜೊತೆ ಪಿಟ್ಟಿಗೆ ಇಳಿದ. ಹಾಗಾಗಿ ಅಶ್ವತ್ಥಮ್ಮನೇ ಡ್ರೈವರ್ ಸೀಟಿನಲ್ಲಿ ಕೂತಳು. ಹದಿನೈದು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲಂತೆ.

ಕೆಳಗಿಳಿದು ಮೇಲಿನ ಧೂಳು ಒರೆಸಿದರೆ ಚಾಸಿಸ್ ಮಿರಮಿರ ಮಿಂಚುತ್ತಿತ್ತು. ಅದಕ್ಕೆ ಕಾರಣ ನಾನೇ. ನಮ್ಮ ಕಡೆ ಆಯುಧಪೂಜೆಗೆ ಮುಂಚೆ ಗಾಡಿ ತೊಳೆಸಿ, ಅಡಿಗೆಲ್ಲ ಕಪ್ಪು ಬಣ್ಣ ಹೊಡೆಸುವುದು ಪದ್ಧತಿ. ಆಮೇಲೆ ಬಾಳೆಕಂದು, ಹೂವಿನ ಹಾರ, ಕುಂಬಳಕಾಯಿ, ಚಕ್ರದಡಿಗೆ ನಿಂಬೆಹಣ್ಣು. ಖಾಯಂ ಗಿರಾಕಿಗಳಿಗೆ ಆ ಬಣ್ಣವನ್ನು ನಾನು ಪುಕ್ಕಟೆ ಹೊಡೆದುಕೊಡುತ್ತಿದ್ದೆ. ಅದು ನನ್ನ ಹಬ್ಬದ ಉಡುಗೊರೆ. ಹಿಂದಿನ ಅಕ್ಟೋಬರಿನಲ್ಲಿ ಹತ್ತೊಂಬತ್ತು ಗಾಡಿಗಳಿಗೆ ಹೊಡೆದಿದ್ದೆವು, ಮುನಿವೆಂಕಟಪ್ಪನದಕ್ಕೆ ನಾನೇ ಕುಂಚ ಹಿಡಿದಿದ್ದೆ. ಹಳೆಯ ಬಣ್ಣ ಕೆರೆಯುವ ಗೋಜಿಲ್ಲ, ಅದರ ಮೇಲೇ ಇನ್ನೊಂದು ಕೈ. ಹೀಗೆ ಹನ್ನೊಂದು ಹಬ್ಬಗಳ ಬಣ್ಣ ಅಲ್ಲಿ ಹೋಳಿಗೆಯ ಪದರದಂತೆ ಕೂತಿತ್ತು.

ಆಕೆ ಸ್ಟೀರಿಂಗ್ ಆಡಿಸತೊಡಗಿದಳು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಸರಿಯಾಗಿತ್ತು. ಡ್ರ್ಯಾಗ್ ಲಿಂಕ್ ಎಂಬ ಉದ್ದ ಸಲಾಕೆಯ ಒಂದು ತುದಿ ತುಸು ಸವೆದಿತ್ತು, ಅದು ಹನ್ನೊಂದು ಸೆಂಟಿಮೀಟರ್ ತಿನ್ನುವಷ್ಟಲ್ಲ. ಆಮೇಲೆ ಟಾರ್ಚನ್ನು ಸ್ಟೀರಿಂಗ್ ಬಾಕ್ಸಿನ ಕಡೆ ತಿರುಗಿಸಿದೆ. ಬಾಕ್ಸೇ ಅಲುಗುತ್ತಿತ್ತು. ಬೋಲ್ಟು ಸಡಿಲವಿರಬೇಕೆಂದು ಸ್ಪ್ಯಾನರ್ ಹಾಕಿದೆ. ನಾಲ್ಕೂ ಬಿಗಿಯಾಗಿದ್ದವು. ಮತ್ತೆ ಆಡಿಸಲು ಹೇಳಿದೆ. ಈ ಸಲ ಕಂಡಿತು. ಬಾಕ್ಸಿನ ಜೊತೆ ಬೋಲ್ಟುಗಳೂ, ಬೋಲ್ಟುಗಳ ಜೊತೆ ಚಾಸಿಸ್ಸಿನ ಕಬ್ಬಿಣವೂ ಉಸಿರಾಡುವ ಹಾಗೆ ಹೋಗಿ ಬರುತ್ತಿತ್ತು.

ಕೆರೆಯುವ ಉಳಿಯಿಂದ ಬಣ್ಣ ಎಬ್ಬಿಸಿದೆ. ಪದರ ಪದರವಾಗಿ ಎದ್ದು ಬಂತು. ಅದರಡಿಯಲ್ಲಿ ಬೋಲ್ಟಿನ ತೂತಿನಿಂದ ಕೆಳಕ್ಕೆ ಇಳಿದ ಬಿರುಕು. ಅಳೆದೆ, ತೊಂಬತ್ತೆರಡು ಮಿಲಿಮೀಟರ್. ಆ ಚಾಸಿಸ್ ಪಟ್ಟಿಯ ಎತ್ತರವೇ ನೂರ ಇಪ್ಪತ್ತು. ಅಶ್ವತ್ಥಮ್ಮ, ಅವಳ ಹದಿಮೂರು ಹೆಂಗಸರು, ಈ ಮಹಾರಾಯ, ಎಲ್ಲರೂ ಇಷ್ಟು ದಿನ ಇಪ್ಪತ್ತೆಂಟು ಮಿಲಿಮೀಟರ್ ಕಬ್ಬಿಣವನ್ನು ನಂಬಿಕೊಂಡು ಕೆರೆ ಏರಿಯ ಮೇಲೆ ಓಡಾಡಿದ್ದರು. ಅದೂ ಹರಿದಿದ್ದರೆ ಬಾಕ್ಸ್ ಕಿತ್ತುಬಂದು ಸ್ಟೀರಿಂಗ್ ಕೈಯಲ್ಲಿ ಆಟಿಕೆಯಾಗುತ್ತಿತ್ತು.

ಅದಕ್ಕಿಂತ ದೊಡ್ಡ ಆಘಾತ ಇನ್ನೂ ಬಾಕಿಯಿತ್ತು. ಬಿರುಕಿಗೆ ಉಳಿಯ ತುದಿ ಇಟ್ಟು ಕೂದಲೆಳೆಯಷ್ಟು ಅಗಲಿಸಿ ಒಳಗೆ ಟಾರ್ಚಿನ ಬೆಳಕು ಬಿಟ್ಟೆ. ಈಚೆಗೆ ಸೀಳಿದ ಕಬ್ಬಿಣ ಬೆಳ್ಳಗಿರುತ್ತದೆ, ಕೆಲವು ತಿಂಗಳಾದರೆ ತುಕ್ಕು ಹಿಡಿದು ಕೆಂಪಾಗುತ್ತದೆ. ಕೆಳತುದಿಯ ಹನ್ನೊಂದು ಮಿಲಿಮೀಟರ್ ಬೆಳ್ಳಗಿತ್ತು. ಅದರ ಮೇಲಿನ ಮೂವತ್ತೈದು ಕೆಂಪಗಿತ್ತು. ಮಿಕ್ಕ ನಲವತ್ತಾರು ಮಿಲಿಮೀಟರ್ ಕಪ್ಪಗಿತ್ತು. ಅದು ಮಸಿಯಲ್ಲ, ಗ್ರೀಸಲ್ಲ. ನಮ್ಮ ಬಣ್ಣ. ಬಿರುಕಿನೊಳಗೆ ಬಣ್ಣ ಇಳಿಯಬೇಕಾದರೆ ಬಣ್ಣ ಹೊಡೆಯುವ ಹೊತ್ತಿಗೆ ಬಿರುಕು ಇರಲೇಬೇಕು. ಕಳೆದ ಹಬ್ಬದಲ್ಲಿ ನಾನು, ಈ ಕೈಯಿಂದಲೇ, ಒಂದು ಗೇಣು ದೂರದಿಂದ ಅದನ್ನು ನೋಡಿಯೂ ನೋಡದೆ ಮುಚ್ಚಿದ್ದೆ. ಆಮೇಲೆ ಎರಡು ಸಲ ಸ್ಕ್ರೂ ಬಿಗಿದು ಅದರ ಬಾಯಿಯನ್ನೂ ಕಟ್ಟಿದ್ದೆ.

ಏನು ಸಿಕ್ಕಿತೆಂದು ಅಶ್ವತ್ಥಮ್ಮ ಮೇಲಿನಿಂದ ಎರಡು ಸಲ ಕೇಳಿದಳು. ಮುನಿವೆಂಕಟಪ್ಪನಿಗೆ ಬಿರುಕು ಕಂಡಿತ್ತು, ಕಪ್ಪಿನ ಅರ್ಥ ಆಗಿರಲಿಲ್ಲ. ಅದು ಅರ್ಥವಾಗುವವನು ಅಲ್ಲಿ ನಾನೊಬ್ಬನೇ.

ಮೇಲೆ ಬಂದವನು ನಾಚಿಕೆಯಿಲ್ಲದೆ ಅವನ ಮೇಲೇ ಹಾರಾಡಿದೆ. ಒಂದು ಟನ್ನಿನ ಗಾಡಿಗೆ ಎರಡು ಟನ್ ಹೇರುತ್ತೀಯ, ಕೋಳಿಗೊಬ್ಬರ ಹಾಕಿ ತೊಳೆಯದೆ ಬಿಡುತ್ತೀಯ, ಹಳ್ಳಕೊಳ್ಳ ನೋಡದೆ ಓಡಿಸುತ್ತೀಯ ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ ಜಾತಿಯ ಮಾತು ಅದು. ಅವನು ತಲೆ ತಗ್ಗಿಸಿ ಹಳೆಯ ಟೈರಿನ ಮೇಲೆ ಕೂತ. ಅವನ ಬಾಯಿಂದ ‘ಏಮೀ ಕಾದು’ ಬರಲಿಲ್ಲ. ಅಶ್ವತ್ಥಮ್ಮ ನನ್ನನ್ನೇ ನೋಡುತ್ತ ನಿಂತಿದ್ದಳು.

“ಮೇಸ್ತ್ರಿ, ಇದು ಯಾವತ್ತಿಂದ ಹಿಂಗೈತೆ?” ಅಂದಳು.

ಮೊನ್ನೆಯಿಂದ ಅನ್ನಬಹುದಿತ್ತು. ನಂಬುತ್ತಿದ್ದರು. ಬಾಯಿವರೆಗೂ ಬಂದಿತ್ತು. ಮೂವತ್ತೊಂದು ವರ್ಷದ ಹೆಸರು ಒಂದು ಕಡೆ, ನಲವತ್ತಾರು ಮಿಲಿಮೀಟರ್ ಕಪ್ಪು ಇನ್ನೊಂದು ಕಡೆ.

“ಆಯುಧಪೂಜೆಗೂ ಮುಂಚಿಂದ ಇದೆ ಅಶ್ವತ್ಥಮ್ಮ. ನಾನು ಬಣ್ಣ ಹೊಡೆದಾಗಲೇ ಇತ್ತು. ನಾನು ನೋಡಲಿಲ್ಲ,” ಅಂದೆ.

ಆಕೆ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಕೆ ಗಾಡಿಯ ಹಿಂಭಾಗಕ್ಕೆ ಹೋಗಿ, ಹೆಂಗಸರು ಹತ್ತುವಾಗ ಹಿಡಿದುಕೊಳ್ಳುವ ಕಂಬಿಯ ಮೇಲೆ ಕೈಯಿಟ್ಟಳು.

“ನೀವು ಬಣ್ಣ ಬಳಿದ್ರಿ. ಅದರ ಮೇಲೆ ನಾನು ಕುಂಕುಮ ಇಟ್ಟೆ. ಯಾರೂ ನೋಡ್ಲಿಲ್ಲ,” ಅಂದಳು. ಆಮೇಲೆ ಮೆಲ್ಲಗೆ, “ನನ್ನ ನಂಬ್ಕೊಂಡು ಹತ್ತೋರು ಅವರು. ಎಲ್ಲರ ಮನೇಲೂ ಮಕ್ಕಳವೆ,” ಅಂದಳು.

ಕೊಯ್ಲಿಗೆ ಬಂದ ಹಣ್ಣು ಕಾಯುವುದಿಲ್ಲ, ನಾಳೆ ಒಂದು ದಿನ ನಿಧಾನವಾಗಿ ಓಡಿಸಿ ಆಮೇಲೆ ತಂದುಬಿಡೋಣವೇ ಎಂದು ಮುನಿವೆಂಕಟಪ್ಪ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಆಕೆ ತೋಟದವರಿಗೆ ಫೋನ್ ಮಾಡಿ, ಎರಡು ದಿನ ನಾವು ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಬಿಟ್ಟಳು. ಆ ತೋಟದವರು ಆಮೇಲೆ ಆಕೆಯನ್ನು ಕೆಲಸಕ್ಕೆ ಕರೆಯಲೇ ಇಲ್ಲವೆಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ರಿಪೇರಿಗೆ ಎರಡು ದಿನ ಹಿಡಿಯಿತು. ಬಾಕ್ಸ್ ಬಿಚ್ಚಿ, ಸುತ್ತಲಿನ ಬಣ್ಣವನ್ನೆಲ್ಲ ಬರಿಯ ಕಬ್ಬಿಣ ಕಾಣುವವರೆಗೆ ಕೆರೆದೆ. ಬಿರುಕಿನ ತುದಿಯಲ್ಲಿ ಐದು ಮಿಲಿಮೀಟರಿನ ಒಂದು ತೂತು ಕೊರೆದೆ. ಹಾಗೆ ಮಾಡಿದರೆ ಬಿರುಕು ಮುಂದಕ್ಕೆ ಓಡುವುದಿಲ್ಲ. ಗ್ರೈಂಡರಿನಿಂದ ಬಿರುಕನ್ನು ಅಗಲ ಮಾಡಿ, ಆ ಕಪ್ಪೆಲ್ಲ ಹೋದ ಮೇಲೆ ತಳದಿಂದ ವೆಲ್ಡ್ ತುಂಬಿದೆ. ಅದರ ಮೇಲೆ ಆರು ಮಿಲಿಮೀಟರ್ ದಪ್ಪದ ಪ್ಲೇಟು. ಬೋಲ್ಟು ಬಿಗಿದಾಗ ಪಟ್ಟಿ ಒಳಕ್ಕೆ ಕುಸಿಯದಂತೆ ತೂತುಗಳಿಗೆ ಉಕ್ಕಿನ ಕೊಳವೆ ಕೂರಿಸಿದೆ. ಸವೆದ ಲಿಂಕ್ ತುದಿ ಬದಲಾಯಿಸಿದೆ. ಕೊನೆಗೆ, ನಾನೇ ಬಿಗಿದಿದ್ದ ಆ ಅಡ್ಜಸ್ಟಿಂಗ್ ಸ್ಕ್ರೂವನ್ನು ಅರ್ಧ ಸುತ್ತು ಹಿಂದಕ್ಕೆ ಬಿಚ್ಚಿದೆ. ಪ್ಲೇ ಎರಡು ಸೆಂಟಿಮೀಟರಿಗೆ ಬಂತು. ಪ್ಲೇಟಿನ ಮೇಲೆ ಕಪ್ಪು ಬಣ್ಣ ಹೊಡೆಯಲು ಕೈ ಬರಲಿಲ್ಲ. ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್, ತೆಳ್ಳಗೆ ಬಳಿದೆ. ಮತ್ತೆ ಬಿರುಕು ಬಿಟ್ಟರೆ ಅದರ ಮೇಲೆ ಕೂಡಲೇ ಗೆರೆ ಕಾಣುತ್ತದೆ. ಆ ಕೆರೆ ಏರಿಯ ಮೇಲೆ ನಾಲ್ಕು ಸಲ ಹೋಗಿ ಬಂದೆ. ಅಶ್ವತ್ಥಮ್ಮ ಪಕ್ಕದಲ್ಲೇ ಕೂತಿದ್ದಳು. ನಾಲ್ಕನೆಯ ಸಲ ಸಾಕು ಅಂದಳು.

ನನಗೆ ಸಾಕಾಗಲಿಲ್ಲ. ಹಬ್ಬಕ್ಕೆ ಬಣ್ಣ ಹೊಡೆದ ಹತ್ತೊಂಬತ್ತರಲ್ಲಿ ಇದೊಂದು, ಉಳಿದ ಹದಿನೆಂಟು? ಒಬ್ಬೊಬ್ಬರಿಗೂ ಫೋನ್ ಮಾಡಿ, ತಪ್ಪು ನನ್ನದೆಂದು ಹೇಳಿ ಕರೆಸಿದೆ. ಕೆಲವರು ನಕ್ಕರು, ಮೇಸ್ತ್ರಿಗೆ ತಲೆ ಕೆಟ್ಟಿದೆ ಅಂದ ಒಬ್ಬ. ಹತ್ತು ದಿನ ಬಣ್ಣ ಕೆರೆದೆ. ಮುಳಬಾಗಿಲು ಕಡೆಯ ಒಂದು ಹಾಲಿನ ಗಾಡಿಯಲ್ಲಿ ಸ್ಪ್ರಿಂಗ್ ಹಿಡಿಯುವ ಕಡೆ ಒಂದು ಬಿರುಕು. ಮಾಲೂರಿನಿಂದ ಬರುವ ಇಟ್ಟಿಗೆ ಗಾಡಿಯೊಂದರಲ್ಲಿ ಮತ್ತೊಂದು. ಎರಡರೊಳಗೂ ಕಪ್ಪು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ಊರಿನ ಅರ್ಧ ಜನಕ್ಕೆ ಅಂದಿದ್ದೇನೆ. ಥಳುಕು ಬಳಿಯುವವನು ನಾನೇ ಎಂದು ತಿಳಿದದ್ದು ಅಲ್ಲಿ.

ಗಾಡಿಯನ್ನು ಗೌರವಿಸುವುದೆಂದರೆ ಅದನ್ನು ಚೆಂದ ಮಾಡುವುದು ಎಂದುಕೊಂಡಿದ್ದೆ. ಅದನ್ನು ಇದ್ದ ಹಾಗೆ ನೋಡುವುದು ಎಂದು ಈ ಕೆಲಸ ನನಗೆ ಬಹಳ ತಡವಾಗಿ ಕಲಿಸಿತು. ಈಗ ನನ್ನ ಗ್ಯಾರೇಜಿನಲ್ಲಿ ಹಬ್ಬಕ್ಕೆ ಬಣ್ಣವಿಲ್ಲ. ಸೀಮೆಎಣ್ಣೆ ಹಾಕಿ ತಂತಿ ಬ್ರಷ್ಷಿನಲ್ಲಿ ಉಜ್ಜಿಕೊಡುತ್ತೇನೆ, ಆಮೇಲೆ ಗಾಡಿಯವರೇ ಟಾರ್ಚ್ ಹಿಡಿದು ಪಿಟ್ಟಿಗೆ ಇಳಿದು ನೋಡಬೇಕು. ಇದನ್ನು ಒಪ್ಪದ ಐದಾರು ಗಿರಾಕಿಗಳು ಬೇರೆ ಕಡೆ ಹೋದರು.

ಆ ವರ್ಷದ ಆಯುಧಪೂಜೆಯ ದಿನ ಮುನಿವೆಂಕಟಪ್ಪನ ಗಾಡಿ ಬಂತು. ಅವನು ಹಾರ ಕಟ್ಟಿ, ನಿಂಬೆಹಣ್ಣು ಹಿಡಿದು ಚಕ್ರದ ಬಳಿ ಬಗ್ಗಿದ್ದ. ಅಶ್ವತ್ಥಮ್ಮ ಅವನನ್ನು ತಡೆದಳು. ಹೊಸ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಪಿಟ್ಟಿನ ಮೆಟ್ಟಿಲು ಇಳಿದಳು. ಆ ಕೆಂಪು ಪ್ಲೇಟಿನ ಸುತ್ತ, ವೆಲ್ಡಿನ ಉದ್ದಕ್ಕೂ ಬೆರಳು ಆಡಿಸಿ ನೋಡಿದಳು. ಅವಸರ ಮಾಡಲಿಲ್ಲ. ಹೊರಗೆ ಅವಳ ಹದಿಮೂರು ಹೆಂಗಸರೂ ಹೂ ಮುಡಿದು ನಿಂತಿದ್ದರು. ಮೇಲೆ ಬಂದಾಗ ಅವಳ ಬೆರಳ ತುದಿ ಕೆಂಪಗಿತ್ತು.

“ನೋಡ್ದೆ,” ಅಂದಳು ಗಂಡನಿಗೆ. “ಈಗ ನಿಂಬೆಹಣ್ಣು ಇಡು.”