ಮೈಕ್ ಸೆಟ್ಟಿನವನ ಪಕ್ಷ

ನಮ್ಮ ಮೈಕ್ ಸೆಟ್ಟಿನವನಿಗೆ ಎರಡೂ ಪಕ್ಷಗಳು ಗಿರಾಕಿಗಳೇ. ಒಂದರ ಬಾವುಟ ಹಿಡಿದ ಅವನ ಅಣ್ಣ, ಇನ್ನೊಂದರ ಶಾಲು ಹೊದ್ದ ಭಾವ, ಇಬ್ಬರೂ ಊಟಕ್ಕೆ ಕೂತಾಗೆಲ್ಲ ಕೆಣಕುತ್ತಾರೆ: "ಯಾವ ಪಕ್ಷ ಅಂತ ಒಂದು ಹೆಸರು ಹೇಳೋ, ಎರಡು ದೋಣೀಲಿ ಕಾಲಿಟ್ಟೋನೇ!" "ಎರಡೂ ಸೋರ್ತಾವೆ ಭಾವ, ನಾನಿನ್ನೂ ದಡದಲ್ಲೇ ಇದ್ದೀನಿ," ಎನ್ನುತ್ತಾನೆ. ಭಾಷಣಗಳೆಲ್ಲ ಅವನಿಗೆ ಬಾಯಿಪಾಠ. ನಾಯಕರು ಕೆಮ್ಮುವ ಮೊದಲೇ ವಾಲ್ಯೂಮ್ ತಗ್ಗಿಸಿರುತ್ತಾನೆ. ಆದರೆ ಜನ ಸೇರುವ ಮುಂಚೆ, ಖಾಲಿ ಕುರ್ಚಿಗಳೆದುರು ಮೈಕ್ ಪರೀಕ್ಷಿಸುವಾಗ, ಎಲ್ಲರಂತೆ ಒಂದು, ಎರಡು, ಮೂರು ಎಣಿಸುವುದಿಲ್ಲ. "ನನ್ನ ಮಗಳ ಶಾಲೆಗೆ ಎರಡು ವರ್ಷದಿಂದ ಮೇಷ್ಟ್ರಿಲ್ಲ, ಮೇಷ್ಟ್ರಿಲ್ಲ," ಎನ್ನುತ್ತಾನೆ. ಯಾರ ಸಭೆಯಾದರೂ ಇದೇ ಮಾತು. ಬಾವುಟ ಕಟ್ಟುತ್ತಿರುವ ಕಾರ್ಯಕರ್ತರ ಉತ್ತರವೂ ಎರಡೂ ಕಡೆ ಒಂದೇ: "ಸಾಕು ಬಿಡಯ್ಯ, ಚೆನ್ನಾಗಿ ಕೇಳಿಸ್ತಿದೆ."